ಡಿಸ್‌ಪ್ಲೇ ಅಸಲಿ, ಫೋನ್ ಮಾತ್ರ ಒಪ್ಪುತ್ತಿಲ್ಲ

ಪ್ರಶ್ನೆ: ಡಿಸ್‌ಪ್ಲೇ ಒಡೆದಿತ್ತು. ಅದೇ ಮಾಡೆಲ್‌ನ ಹಳೇ ಫೋನಿಂದ ತೆಗೆದು ಹಾಕಿಸಿದೆ. ಈಗ ‘ಅಪರಿಚಿತ ಬಿಡಿಭಾಗ’ ಎಂದು ತೋರಿಸುತ್ತಿದೆ, ಬ್ರೈಟ್‌ನೆಸ್ ತಾನಾಗಿ ಬದಲಾಗುತ್ತಿಲ್ಲ. ರಿಪೇರಿಯವರು ಮೋಸ ಮಾಡಿದರೇ?

ಉತ್ತರ: ಈ ಪ್ರಶ್ನೆ ಬಂದಾಗಲೆಲ್ಲ ಅನುಮಾನ ರಿಪೇರಿಯವರ ಮೇಲೇ. ಅದನ್ನು ಮೊದಲು ಬಿಡಿ. ಡಿಸ್‌ಪ್ಲೇ ಅದೇ ಕಂಪನಿಯದು ಎಂದು ನೀವೇ ಬರೆದಿದ್ದೀರಿ. ಅಡ್ಡಿ ಇರುವುದು ಸಾಫ್ಟ್‌ವೇರಿನಲ್ಲಿ. ಇಂಥ ಫೋನುಗಳ ಡಿಸ್‌ಪ್ಲೇ, ಬ್ಯಾಟರಿ, ಕ್ಯಾಮೆರಾಗಳಲ್ಲಿ ಸೀರಿಯಲ್ ನಂಬರ್ ಹೊತ್ತ ಪುಟ್ಟ ಚಿಪ್ ಇರುತ್ತದೆ. ಕಾರ್ಖಾನೆಯಲ್ಲೇ ಆ ನಂಬರನ್ನು ಮದರ್‌ಬೋರ್ಡ್‌ಗೆ ಗಂಟು ಹಾಕಿರುತ್ತಾರೆ. ನಂಬರ್ ತಾಳೆಯಾಗದಿದ್ದರೆ ಫೋನ್ ಎಚ್ಚರಿಕೆ ತೋರಿಸುತ್ತದೆ, ಕೆಲವು ಸೌಲಭ್ಯ ಕಿತ್ತುಕೊಳ್ಳುತ್ತದೆ. ಇದೇ ಪಾರ್ಟ್ಸ್ ಪೇರಿಂಗ್. ಗಂಟು ಬಿಚ್ಚಿ ಮತ್ತೆ ಹಾಕುವ ಸಾಫ್ಟ್‌ವೇರ್ ಇರುವುದು ಕಂಪನಿಯ ಹಿಡಿತದಲ್ಲಿ.

ಬೆರಳಚ್ಚು ಸೆನ್ಸರ್‌ಗೆ ಇಂಥ ಬೀಗ ಬೇಕೆಂದರೆ ಒಪ್ಪುತ್ತೇನೆ, ಅಲ್ಲಿ ಫೋನಿನ ಭದ್ರತೆಯ ಮಾತಿದೆ. ಡಿಸ್‌ಪ್ಲೇಗೆ, ಬ್ಯಾಟರಿಗೆ ಯಾಕೆ? ದುಡ್ಡು ಕೊಟ್ಟವರು ನಾವು. ರಿಪೇರಿ ಎಲ್ಲಿ ಆಗಬೇಕೆಂದು ಮಾರಿದವರು ತೀರ್ಮಾನಿಸುವುದು ಶುದ್ಧ ಅನ್ಯಾಯ. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಕಾನೂನು ಮಾಡಿ, ಮುಂದೆ ತಯಾರಾಗುವ ಫೋನುಗಳಲ್ಲಿ ಈ ಅಡ್ಡಗಾಲಿಗೆ ತಡೆ ಹಾಕಿತು. ಎಲ್ಲ ಕಡೆಯೂ ಬರಬೇಕಾದ ಕಾನೂನು ಅದು.

ಸದ್ಯಕ್ಕೆ ನಿಮ್ಮ ಒಡೆದ ಡಿಸ್‌ಪ್ಲೇ ವಾಪಸ್ ಕೇಳಿ. ಕೆಲವು ಮಾಡೆಲ್‌ಗಳಲ್ಲಿ ಅದರ ಚಿಪ್ ಬಿಡಿಸಿ ಹೊಸದಕ್ಕೆ ಬೆಸುಗೆ ಹಾಕಿದರೆ ಎಚ್ಚರಿಕೆ ಹೋಗುತ್ತದೆ. ಕೈ ಪಳಗಿದವರಿಗೆ ಮಾತ್ರ ಕೊಡಿ. ಶಾಖ ಸ್ವಲ್ಪ ಹೆಚ್ಚಾದರೂ ಇರುವ ಡಿಸ್‌ಪ್ಲೇ ಕೂಡ ಹಾಳು. ನನ್ನದಾಗಿದ್ದರೆ ಬ್ರೈಟ್‌ನೆಸ್ ಕೈಯಲ್ಲೇ ಹೊಂದಿಸಿಕೊಂಡು ಸುಮ್ಮನಿರುತ್ತಿದ್ದೆ. ‘ಆ್ಯಪ್ ಹಾಕಿ, ಸಂದೇಶ ಮಾಯ’ ಎನ್ನುವವರಿಗೆ ಮಾತ್ರ ಫೋನ್ ಕೊಡಲೇಬೇಡಿ.

ಪ್ರಶ್ನೆ: ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಡಲೇ?

ಉತ್ತರ: ಬೇಡ, ಬೇಡ, ಬೇಡ. ಆಫ್ ಮಾಡಿ, ಚಾರ್ಜಿಗೆ ಹಾಕದೆ ಬಿಚ್ಚಿಸಿ ಒಣಗಿಸಿ.

ಪ್ರಶ್ನೆ: ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೆ ವಾರಂಟಿ ಹೋಯಿತೇ?

ಉತ್ತರ: ಅಮೆರಿಕದಲ್ಲಿ ಅಷ್ಟಕ್ಕೇ ಹೋಗುವುದಿಲ್ಲ, ಇಂಥ ಷರತ್ತು ಹಾಕಿದ ಕಂಪನಿಗಳಿಗೆ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. ಆದರೂ ವಾರಂಟಿ ಮುಗಿಯುವ ತನಕ ನಾನಂತೂ ಸ್ಕ್ರೂ ಮುಟ್ಟುವುದಿಲ್ಲ.

ಪ್ರಶ್ನೆ: ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಗ್ಯಾಸ್ ತೆಗೆಯಬಹುದೆಂದು ವಿಡಿಯೊದಲ್ಲಿ ನೋಡಿದೆ.

ಉತ್ತರ: ಒಳಗೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ವಿಡಿಯೊ ಮಾಡಿದವರು ನಿಮ್ಮ ಸುಟ್ಟ ಕೈಗೆ ಹೊಣೆ ಹೊರುವುದಿಲ್ಲ. ಇವತ್ತೇ ಬಳಕೆ ನಿಲ್ಲಿಸಿ, ಬ್ಯಾಟರಿ ಬದಲಾಯಿಸಿ, ಹಳೆಯದನ್ನು ಇ-ತ್ಯಾಜ್ಯಕ್ಕೆ ಕೊಡಿ.