ಆಟೋಕ್ಯಾಡ್ ಸ್ಕ್ರಿಪ್ಟ್‌ನಿಂದ ಎಳೆದ ಗಣಿತದ ವಕ್ರರೇಖೆ ನಯವಾಗಿ ಬರಲು ಎಷ್ಟು ಬಿಂದುಗಳು ಬೇಕು?

ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದ ಬಿಂದುಗಳನ್ನು ಸ್ಕ್ರಿಪ್ಟ್ (ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ಗೆ ಕಮಾಂಡ್‌ಗಳನ್ನು ಸಾಲಾಗಿ ಬರೆದುಕೊಡುವ ಕಡತ) ಮೂಲಕ ಕೊಟ್ಟರೂ ರೇಖೆ ಅಲ್ಲಲ್ಲಿ ಮುರಿದಂತೆ ಬರುತ್ತಿದೆ, ಬಿಂದುಗಳನ್ನು ಸಾವಿರಕ್ಕೆ ಏರಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ, ಬಹುಮಟ್ಟಿಗೆ ಇನ್ನೂ ಕೆಡುತ್ತದೆ.

ಪೀಣ್ಯದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ನಾನು ಡ್ರಾಫ್ಟ್ಸ್‌ಮನ್ ಆಗಿದ್ದಾಗ ಪ್ಯಾಕಿಂಗ್ ಯಂತ್ರವೊಂದರ ಕ್ಯಾಮ್, ಅಂದರೆ ತಿರುಗುತ್ತಾ ತನ್ನ ಅಂಚಿಗೆ ಒರಗಿದ ಫಾಲೋವರ್ ಎಂಬ ಭಾಗವನ್ನು ಏರಿಸಿ ಇಳಿಸುವ ತಟ್ಟೆ, ಬರೆಯಬೇಕಾಗಿ ಬಂದಿತ್ತು. ಏರಿಕೆ ಶುರುವಾಗುವ ಮೂಲ ವೃತ್ತದ, ಅಂದರೆ ಬೇಸ್ ಸರ್ಕಲ್‌ನ, ತ್ರಿಜ್ಯ 40 ಮಿ.ಮೀ.; ಕ್ಯಾಮ್ 120 ಡಿಗ್ರಿ ತಿರುಗುವಷ್ಟರಲ್ಲಿ ಫಾಲೋವರ್ ಸೈಕ್ಲಾಯ್ಡಲ್ ಸೂತ್ರದಂತೆ 20 ಮಿ.ಮೀ. ಏರಬೇಕು. ಈ ಸೂತ್ರದಲ್ಲಿ ಏರಿಕೆಯ ಆರಂಭ ಬಹಳ ಮೃದು. 10 ಡಿಗ್ರಿ ಕಳೆದರೂ ಫಾಲೋವರ್ ಮೇಲೇಳುವುದು 0.075 ಮಿ.ಮೀ. ಮಾತ್ರ. ಡಿಗ್ರಿಗೊಂದು ಬಿಂದುವಿನಂತೆ ಸ್ಕ್ರಿಪ್ಟ್ ಓಡಿಸಿದೆ, ಪರದೆಯ ಮೇಲೆ ಆಕೃತಿ ಚೆನ್ನಾಗಿಯೇ ಕಂಡಿತು. ಲೇಸರ್‌ನಲ್ಲಿ ಕತ್ತರಿಸಿ ತಂದು ಶಾಫ್ಟ್‌ಗೆ ಹಾಕಿದ ಮೇಲೆ ಪ್ರತಿ ಸುತ್ತಿಗೂ ಏರಿಕೆಯ ಮೊದಲಲ್ಲೇ ಫಾಲೋವರ್ 'ಟಕ್' ಎನ್ನತೊಡಗಿತು.

ನಾನು ಮೊದಲು ಅನುಮಾನಿಸಿದ್ದು ಸೂತ್ರವನ್ನು. ಕೆಲವು ಬಿಂದುಗಳನ್ನು ಕೈಯಿಂದ ಟೈಪ್ ಮಾಡಿ ನೋಡಿದೆ, ಅವು ಕರಾರುವಾಕ್ಕಾಗಿ ತಮ್ಮ ಜಾಗದಲ್ಲೇ ಕೂತವು. ನನ್ನ ದಾರಿ ತಪ್ಪಿದ್ದು ಅಲ್ಲಿಯೇ. ಹತ್ತಿರದ ಆಕೃತಿಯ ಮುಖ್ಯ ಬಿಂದುವಿಗೆ ನಮ್ಮ ಬಿಂದುವನ್ನು ತಾನಾಗಿಯೇ ಅಂಟಿಸುವ ಸೌಲಭ್ಯವೇ ಓಸ್ನ್ಯಾಪ್. ಆಟೋಕ್ಯಾಡ್‌ನಲ್ಲಿ ಓಸ್ನ್ಯಾಪ್‌ಕೋರ್ಡ್ (OSNAPCOORD) ಎಂಬ ಸಿಸ್ಟಮ್ ವೇರಿಯಬಲ್, ಅಂದರೆ ಬದಲಿಸಬಹುದಾದ ಸೆಟ್ಟಿಂಗ್, ಇದೆ, ಅದರ ಡೀಫಾಲ್ಟ್ ಬೆಲೆ 2. ಕೀಬೋರ್ಡಿನಿಂದ ಕೊಟ್ಟ ಬಿಂದುವಿನ ಮುಂದೆ ಓಸ್ನ್ಯಾಪ್ ನಡೆಯುವುದಿಲ್ಲ, ಆದರೆ ಸ್ಕ್ರಿಪ್ಟ್‌ನಿಂದ ಬಂದ ಬಿಂದುವಿಗೆ ಈ ರಕ್ಷಣೆ ಇಲ್ಲ ಎಂಬುದು ಅದರ ಅರ್ಥ. ಹಾಗಾಗಿ ಓಸ್ನ್ಯಾಪ್‌ನಲ್ಲಿ ಕ್ವಾಡ್ರಂಟ್ (ವೃತ್ತದ ಮೇಲೆ ಅಕ್ಷಗಳ ದಿಕ್ಕಿನಲ್ಲಿರುವ ನಾಲ್ಕು ಬಿಂದುಗಳು) ಮತ್ತು ಇಂಟರ್‌ಸೆಕ್ಷನ್ (ಗೆರೆಗಳು ಕೂಡುವ ಬಿಂದು) ಆನ್ ಆಗಿದ್ದ ನನ್ನ ಚಿತ್ರದಲ್ಲಿ, ಸೆಂಟರ್ ಲೈನ್ ಮೇಲೆ ಆರಂಭವಾಗುವ ಏರಿಕೆಯ ಮೊದಲ ಐದಾರು ಬಿಂದುಗಳೆಲ್ಲ ಬೇಸ್ ಸರ್ಕಲ್‌ನ ಕ್ವಾಡ್ರಂಟ್‌ಗೆ ಹೋಗಿ ಒಂದರ ಮೇಲೊಂದು ಅಂಟಿಕೊಂಡು, ಅಲ್ಲಿಂದ ಮುಂದಿನ ಬಿಂದುವಿಗೆ ನೇರ ಗೆರೆ ಎಳೆದುಕೊಂಡಿದ್ದವು. ಸ್ನ್ಯಾಪ್‌ನ ವ್ಯಾಪ್ತಿಯನ್ನು ಅಳೆಯುವುದು ಮಿ.ಮೀ.ನಲ್ಲಲ್ಲ, ಪಿಕ್ಸೆಲ್‌ನಲ್ಲಿ, ಇಡೀ ಹಾಳೆ ಕಾಣುವಂತೆ ಜೂಮ್ ಔಟ್ ಮಾಡಿದ್ದರಿಂದ ಆ ಕೆಲವು ಪಿಕ್ಸೆಲ್‌ಗಳೇ ನಾಲ್ಕೈದು ಮಿ.ಮೀ. ಆಗಿದ್ದವು. ಅದೇ ಸ್ಕ್ರಿಪ್ಟನ್ನು ಹತ್ತಿರಕ್ಕೆ ಜೂಮ್ ಮಾಡಿ ಓಡಿಸಿದಾಗ ಬೇರೆಯೇ ಆಕೃತಿ ಬಂತು, ಗುಟ್ಟು ಬಯಲಾದದ್ದು ಆಗ. ಕತ್ತರಿಸಿದ ತಗಡು ಗುಜರಿಗೆ ಹೋಯಿತು, ಲೇಸರ್ ಬಿಲ್ಲಿನ ಬಗ್ಗೆ ಮಾಲೀಕರು ಆಡಿದ ಮಾತು ಇಲ್ಲಿ ಬೇಡ.

ಬಿಂದುಗಳನ್ನು ಹೆಚ್ಚಿಸಿದಷ್ಟೂ ಆ ವ್ಯಾಪ್ತಿಯೊಳಗೆ ಬೀಳುವ ಬಿಂದುಗಳೂ ಹೆಚ್ಚುತ್ತವೆ. ಆದ್ದರಿಂದ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಓಸ್ನ್ಯಾಪ್ ಅನ್ನು ಆನ್-ಆಫ್ ಮಾಡುವ ಓಎಸ್‌ಮೋಡ್ (OSMODE) ಅನ್ನು ಸೊನ್ನೆಗೆ ಇಳಿಸಿ, ಅಥವಾ ಓಸ್ನ್ಯಾಪ್‌ಕೋರ್ಡ್ ಅನ್ನು 1ಕ್ಕೆ ಬದಲಿಸಿ. ಎಷ್ಟು ಬಿಂದು ಬೇಕೆಂಬುದು ಊಹೆಯ ವಿಷಯವಲ್ಲ: x ಅಕ್ಷದ ಮೇಲಿನ ಹಂತದ (ಎರಡು ಬಿಂದುಗಳ ನಡುವಿನ ಅಂತರದ) ವರ್ಗವನ್ನು ಫಲನದ ಎರಡನೇ ಡೆರಿವೇಟಿವ್‌ನಿಂದ (ರೇಖೆಯ ಇಳಿಜಾರು ಬದಲಾಗುವ ದರದಿಂದ) ಗುಣಿಸಿ 8ರಿಂದ ಭಾಗಿಸಿದರೆ ನೇರ ಗೆರೆಗಳಿಂದಾಗುವ ದೋಷ ಹೆಚ್ಚುಕಡಿಮೆ ಸಿಗುತ್ತದೆ. ಮಧ್ಯರೇಖೆಯಿಂದ 50 ಮಿ.ಮೀ. ಎತ್ತರ, 200 ಮಿ.ಮೀ. ತರಂಗಾಂತರದ ಸೈನ್ ರೇಖೆಯಲ್ಲಿ 5 ಮಿ.ಮೀ. ಹಂತವಿಟ್ಟರೆ ದೋಷ ಗರಿಷ್ಠ 0.15 ಮಿ.ಮೀ.; 1 ಮಿ.ಮೀ. ಹಂತಕ್ಕೆ ಅದು 0.006ಕ್ಕೆ ಇಳಿಯುತ್ತದೆ. ಅದಕ್ಕಿಂತ ಸಣ್ಣ ದೋಷ ತಗಡು ಕತ್ತರಿಸುವ ಸಾಮಾನ್ಯ ಲೇಸರ್ ಯಂತ್ರದ ಕೆಲಸದಲ್ಲಿ ಕಾಣುವುದಿಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ: ಸ್ಕ್ರಿಪ್ಟ್ ಕಡತವನ್ನೇ ಬಿಡಿ. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದರೂ ಅದನ್ನು ಎಂಟರ್ ಎಂದೇ ಓದುವ ಕಡತವನ್ನು ನಂಬಿ ಕೆಲಸ ಮಾಡುವುದು ಕಷ್ಟ. ಆಟೋಕ್ಯಾಡ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆಯಾದ ಆಟೋಲಿಸ್ಪ್‌ನಲ್ಲಿ ಹತ್ತು ಸಾಲು ಬರೆದು, ಆಕೃತಿಯನ್ನು ನೇರವಾಗಿ ಚಿತ್ರದ ಕಡತಕ್ಕೆ ಸೇರಿಸುವ ಎಂಟ್‌ಮೇಕ್ (entmake) ಮೂಲಕ ಪಾಲಿಲೈನ್ (ಜೋಡಿಸಿದ ಗೆರೆಗಳ ಒಂದೇ ರೇಖೆ) ಸೃಷ್ಟಿಸಿದರೆ ಓಸ್ನ್ಯಾಪ್‌ನ ಕಾಟವೇ ಇರುವುದಿಲ್ಲ. ಆಟೋಕ್ಯಾಡ್‌ನ ಕಡಿಮೆ ಸೌಲಭ್ಯದ ರೂಪವಾದ ಎಲ್‌ಟಿ (LT) ಬಳಸುವವರಿಗೂ 2024ರ ಆವೃತ್ತಿಯಿಂದ ಆಟೋಲಿಸ್ಪ್ ಸಿಗುತ್ತಿದೆ. ಆಟೋಲಿಸ್ಪ್‌ನಲ್ಲಿ ಕೋನಗಳು ರೇಡಿಯನ್‌ನಲ್ಲಿರಬೇಕು, ಟ್ಯಾನ್ ಇಲ್ಲದ್ದರಿಂದ ಸೈನ್ ಅನ್ನು ಕೊಸೈನ್‌ನಿಂದ ಭಾಗಿಸಿಕೊಳ್ಳಬೇಕು, 1ನ್ನು 2ರಿಂದ ಭಾಗಿಸಿದರೆ ಉತ್ತರ ಸೊನ್ನೆ ಬರುವುದರಿಂದ 1.0 ಎಂದೇ ಬರೆಯಬೇಕು. ಯಾವ ದಾರಿ ಹಿಡಿದರೂ ಕತ್ತರಿಸಲು ಕಳುಹಿಸುವ ಮೊದಲು ಬಿಂದುಗಳ ನಿಜವಾದ ಸ್ಥಾನ ತೋರಿಸುವ ಲಿಸ್ಟ್ ಕಮಾಂಡ್ ಕೊಟ್ಟು, ಅಕ್ಷಗಳ ಆಸುಪಾಸಿನ ಬಿಂದುಗಳನ್ನು ಎಕ್ಸೆಲ್‌ನ ಪಟ್ಟಿಯೊಂದಿಗೆ ತಾಳೆ ನೋಡಿ.