ವಾಪಸ್ ರೈಲು ಎಷ್ಟಕ್ಕೆ?

ಮುಂಬೈಯಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಂಥ ಬೆಟ್ಟ, ಕಡಲ ದಂಡೆಗಳ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂದಿದ್ದೆ. ಪತ್ರಗಳು ರಾಶಿ ಬಿದ್ದಿವೆ. ‘ಎಲ್ಲಿಗೆ ಹೋಗೋಣ’ ಅಂತ ಎಲ್ಲರೂ ಕೇಳಿದ್ದಾರೆ, ‘ಹೇಗೆ ವಾಪಸ್ ಬರೋಣ’ ಅಂತ ಒಬ್ಬರೂ ಕೇಳಿಲ್ಲ. ಮುಲುಂಡ್‌ಗೆ ಬಂದು ಇಪ್ಪತ್ತು ವರ್ಷ ಆಯಿತು, ಪ್ರತಿ ಸಲ ಪೇಚಿಗೆ ಸಿಕ್ಕಿದ್ದು ವಾಪಸ್ ಬರುವಾಗಲೇ. ಅದಕ್ಕೇ ಈ ಸಲ ಎಲ್ಲರಿಗೂ ಸ್ವಲ್ಪ ಉಲ್ಟಾ ಉತ್ತರ.

ಮೇಡಂ, ನಾವು ಬೆಂಗಳೂರಿನಿಂದ ಡೊಂಬಿವಲಿಗೆ ಬಂದು ಎಂಟು ತಿಂಗಳಾಯಿತು. ಅಲ್ಲಿ ಭಾನುವಾರ ಬೈಕ್ ಹತ್ತಿದ್ರೆ ನಂದಿಬೆಟ್ಟ. ಇಲ್ಲಿ ಗಾಡಿ ಇಲ್ಲ, ಒಂಬತ್ತು ವರ್ಷದ ಮಗ ಇದ್ದಾನೆ. ಮೊದಲ ಬೆಟ್ಟ ಯಾವುದು? – ಓದುಗರು, ಡೊಂಬಿವಲಿ

ಗಾಡಿ ಇಲ್ಲ ಅಂತ ಬೇಜಾರು ಯಾಕೆ? ಸಹ್ಯಾದ್ರಿಯ ಬುಡಕ್ಕೇ ಲೋಕಲ್ ರೈಲು ಹೋಗುತ್ತದೆ, ನಿಮ್ಮೂರಿನ ಮೇಲೇ ಹಾದು ಹೋಗುತ್ತದೆ. ಕರ್ಜತ್ ಲೋಕಲ್ ಹತ್ತಿ ನೇರಳ್‌ನಲ್ಲಿ ಇಳಿಯಿರಿ, ಮೊದಲ ಸಲಕ್ಕೆ ಮಾಥೇರಾನ್. ಸುಮಾರು 800 ಮೀಟರ್ ಎತ್ತರ. ನೇರಳ್‌ನಿಂದ ದಸ್ತೂರಿ ನಾಕಾವರೆಗೆ ಶೇರ್ ಟ್ಯಾಕ್ಸಿ ಸಿಗುತ್ತದೆ. ಅಲ್ಲಿಂದ ಮುಂದೆ ಕಾರು, ಬೈಕು ಯಾವುದನ್ನೂ ಬಿಡಲ್ಲ. ಈಗೀಗ ಇ-ರಿಕ್ಷಾ ಬಂದಿದೆ, ಕುದುರೆಗಳಂತೂ ಇದ್ದೇ ಇವೆ, ಆದ್ರೆ ಮಗನನ್ನು ನಡೆಸಿ. ಪೇಟೆವರೆಗೆ ಎರಡೂವರೆ ಮೂರು ಕಿಲೋಮೀಟರ್, ನೆರಳಿನ ದಾರಿ, ನೇರಳೆ ಮರಗಳು ಬೇಕಾದಷ್ಟು. ಕಾಲಡಿ ಕೆಂಪು ಮಣ್ಣು. ಈ ಕಡೆಯ ಬೆಟ್ಟಗಳು ಹೆಚ್ಚಾಗಿ ಕರಿಕಲ್ಲು, ಈ ಗುಡ್ಡದ ತಲೆ ಮೇಲೆ ಜಂಬಿಟ್ಟಿಗೆ. ನಮ್ಮ ಕರಾವಳಿಯವರು ಮನೆ ಕಟ್ಟುವ ಅದೇ ಕಲ್ಲು. ಹುಡುಗನ ಬಿಳಿ ಶೂ ಅವತ್ತಿಗೆ ಮುಗಿಯಿತು ಅಂದ್ಕೊಳ್ಳಿ.

1907ರಿಂದ ಓಡುತ್ತಿರುವ ಪುಟಾಣಿ ರೈಲು ಹತ್ತಿಸ್ತೀನಿ ಅಂತ ಅವನಿಗೆ ಮೊದಲೇ ಮಾತು ಕೊಡಬೇಡಿ. ಮಳೆಗಾಲದಲ್ಲಿ ನೇರಳ್‌ನಿಂದ ಮೇಲೆ ಬರುವ ಭಾಗ ಬಂದ್ ಇರುತ್ತದೆ. ದಸ್ತೂರಿ ಹತ್ತಿರದ ಅಮನ್ ಲಾಡ್ಜ್ ಸ್ಟೇಷನ್‌ನಿಂದ ಪೇಟೆವರೆಗಿನ ಸಣ್ಣ ಓಡಾಟ ಮಾತ್ರ ಸಿಗುತ್ತದೆ.

ಈಗ ಮುಖ್ಯ ವಿಷಯ. ಭಾನುವಾರ ಹೋಗ್ತೀನಿ ಅಂತೀರಿ. ಮುಂಬೈಯಲ್ಲಿ ಭಾನುವಾರ ಅಂದ್ರೆ ಮೆಗಾ ಬ್ಲಾಕ್. ಹಳಿ ರಿಪೇರಿಗೆ ಅಂತ ಹಗಲು ನಾಲ್ಕೈದು ಗಂಟೆ ಯಾವುದೋ ಒಂದು ಭಾಗದಲ್ಲಿ ಲೋಕಲ್‌ಗಳು ಕಮ್ಮಿ ಆಗ್ತವೆ, ಇಲ್ಲಾ ದಾರಿ ಬದಲಾಗುತ್ತದೆ. ಎಲ್ಲಿ ಬ್ಲಾಕ್ ಅಂತ ಮುಂಚೆಯೇ ಪೇಪರ್‌ನಲ್ಲಿ ಬರುತ್ತದೆ, ಎಂ-ಇಂಡಿಕೇಟರ್ ಆಪ್‌ನಲ್ಲೂ ಇರುತ್ತದೆ. ನಾನು ಒಮ್ಮೆ ನೋಡದೆ ಹೋಗಿ, ಮೇಲಿಂದ ಇಳಿದು ಮಧ್ಯಾಹ್ನ ನೇರಳ್ ಪ್ಲಾಟ್‌ಫಾರಂ ಮೇಲೆ ಎರಡು ಗಂಟೆ ಕೂತಿದ್ದೆ, ಪಕ್ಕದಲ್ಲಿ ಕೂತ ಅಜ್ಜಿ ನನ್ನ ಸಂಸಾರದ ವಿಷಯವನ್ನೆಲ್ಲ ಬಾಯಿ ಬಿಡಿಸಿ ತಿಳಿದುಕೊಂಡರು. ಶನಿವಾರ ರಜೆ ಇದ್ರೆ ಶನಿವಾರವೇ ಹೋಗಿ.

ಕುಂದಾಪುರದ ಕಡೆಯವನು ನಾನು, ಕಾಂದಿವಲಿಯಲ್ಲಿ ಹೋಟೆಲ್ ಕೆಲಸ. ಅಲಿಬಾಗ್‌ನಲ್ಲಿ ಸಮುದ್ರದೊಳಗಿನ ಕೋಟೆಗೆ ನಡೆದೇ ಹೋಗಬಹುದು ಅಂದ್ರು. ಹೋದ ತಿಂಗಳು ಹುಣ್ಣಿಮೆ ದಿನ ರಜೆ ಹಾಕಿ ಹೋದೆ, ಮಧ್ಯಾಹ್ನ ನೋಡಿದ್ರೆ ಸುತ್ತ ನೀರೇ ನೀರು. ಸುಳ್ಳಾ? – ಓದುಗರು, ಕಾಂದಿವಲಿ

ಕುಂದಾಪುರದವರಾಗಿ ಹೀಗಾ ಕೇಳೋದು! ಸುಳ್ಳಲ್ಲ, ನೀವು ಹೋದ ದಿನ ತಪ್ಪು. ಮುಂಬೈ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಮಧ್ಯಾಹ್ನ ಹನ್ನೆರಡರ ಆಸುಪಾಸಿಗೆ ಉಬ್ಬರ, ಬೆಳಿಗ್ಗೆ ಆರು ಮತ್ತು ಸಂಜೆ ಆರರ ಸುಮಾರಿಗೆ ಇಳಿತ. ನೀವು ಸರಿಯಾಗಿ ನೀರು ತುಂಬುವ ಹೊತ್ತಿಗೇ ಹೋಗಿ ನಿಂತಿದ್ದೀರಿ.

ಇಳಿತದ ಹೊತ್ತು ದಿನಕ್ಕೆ 50 ನಿಮಿಷದಷ್ಟು ಮುಂದೆ ಹೋಗುತ್ತದೆ. ಹುಣ್ಣಿಮೆ ದಿನ ಬೆಳಿಗ್ಗೆ ಆರಕ್ಕೆ ಇದ್ದದ್ದು ನಾಲ್ಕನೇ ದಿನಕ್ಕೆ ಒಂಬತ್ತೂ ಕಾಲು ದಾಟುತ್ತದೆ, ಐದನೇ ದಿನಕ್ಕೆ ಹತ್ತು. ಅಂದ್ರೆ ಸಂಕಷ್ಟಿ ಅಥವಾ ಅದರ ಮರುದಿನ. ಕೋಟೆಯೊಳಗೆ ಗಣಪತಿ ಗುಡಿಯೂ ಇದೆ, ನೋಡಿ, ಲೆಕ್ಕ ಎಷ್ಟು ಚೆನ್ನಾಗಿ ಕೂತಿತು. ಇದು ಅಂದಾಜಿನ ಲೆಕ್ಕ ಅಷ್ಟೇ, ಹೊರಡುವ ಮುಂಚೆ ಆ ದಿನದ ಉಬ್ಬರ ಇಳಿತದ ಪಟ್ಟಿ ನೋಡಲೇಬೇಕು, ದಂಡೆಯಲ್ಲಿ ಮೀನುಗಾರರನ್ನೂ ಕೇಳಬೇಕು. ಇಳಿತಕ್ಕೆ ಒಂದು ಗಂಟೆ ಮುಂಚೆ ಹೊರಡಿ, ಇಳಿತ ಕಳೆದು ಒಂದು ಗಂಟೆಯೊಳಗೆ ದಂಡೆಗೆ ಬನ್ನಿ. ಫೋಟೋ ತೆಗೀತಾ ಒಳಗೇ ಉಳಿದವರು ಆಮೇಲೆ ದೋಣಿಗೆ ಕಾಯಬೇಕು.

ಕೋಟೆ ಶಿವಾಜಿ ಕಾಲದ್ದು. ಆಮೇಲೆ ಕಾನ್ಹೋಜಿ ಆಂಗ್ರೆಯ ನೌಕಾಪಡೆಯ ನೆಲೆ ಆಯಿತು. ಸುತ್ತ ಉಪ್ಪುನೀರು, ಒಳಗೆ ಸಿಹಿನೀರಿನ ಬಾವಿ. ನನಗೆ ಕೋಟೆಗಿಂತ ಆ ಬಾವಿಯೇ ಜಾಸ್ತಿ ಇಷ್ಟ.

ಹೋಗುವ ದಾರಿ ನಿಮಗೆ ಗೊತ್ತೇ ಇದೆ, ಗೇಟ್‌ವೇಯಿಂದ ಮಾಂಡವಾಗೆ ದೋಣಿ, ಅಲ್ಲಿಂದ ಅಲಿಬಾಗ್‌ಗೆ ಬಸ್. ಬಸ್ಸಿನ ದುಡ್ಡು ಸಾಮಾನ್ಯವಾಗಿ ದೋಣಿ ಟಿಕೆಟ್‌ನಲ್ಲೇ ಸೇರಿರುತ್ತದೆ. ಬೆಳಗಿನ ಮೊದಲ ದೋಣಿ ಹಿಡಿದ್ರೆ ಮಾತ್ರ ಈ ಲೆಕ್ಕ ಕೂಡಿ ಬರೋದು. ಕೋಟೆ ಮುಗಿಸಿ ಮಧ್ಯಾಹ್ನ ಮೀನೂಟ ಹೊಡೆದು ಕಾಲು ಇನ್ನೂ ಗಟ್ಟಿ ಇದ್ರೆ, ವಾಪಸ್ ದಾರಿಯಲ್ಲಿ ಮಾಪಗಾಂವ್ ಕಡೆ ತಿರುಗಿ ಕನಕೇಶ್ವರ ಗುಡ್ಡ ಹತ್ತಿ. ಏಳ್ನೂರರಷ್ಟು ಕಲ್ಲಿನ ಮೆಟ್ಟಿಲು, ಮೇಲೆ ಶಿವನ ಗುಡಿ, ಪುಷ್ಕರಣಿ. ಬೆಟ್ಟ, ಕಡಲು ಎರಡೂ ಒಂದೇ ದಿನದಲ್ಲಿ ಆಯಿತು. ಆದ್ರೆ ಮಾಂಡವಾದಿಂದ ಕೊನೆಯ ದೋಣಿ ಎಷ್ಟಕ್ಕೆ ಅಂತ ಬೆಳಿಗ್ಗೆ ಟಿಕೆಟ್ ತಗೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಅದು ತಪ್ಪಿದ್ರೆ ಕೊಲ್ಲಿ ಸುತ್ತಿಕೊಂಡು ರಸ್ತೆ ಮೇಲೆ ನೂರು ಕಿಲೋಮೀಟರ್ ಬರಬೇಕು. ಮಳೆಗಾಲದಲ್ಲಿ ಗೇಟ್‌ವೇ ದೋಣಿಗಳು ನಿಲ್ಲುತ್ತವೆ. ಮುಂಬೈಯ ಭಾವುಚಾ ಧಕ್ಕಾದಿಂದ ಮಾಂಡವಾಗೆ 2020ರಲ್ಲಿ ಶುರುವಾದ ರೋ-ರೋ (ವಾಹನಗಳನ್ನೂ ಒಯ್ಯುವ) ಹಡಗು ಹವಾಮಾನ ನೋಡಿಕೊಂಡು ಓಡುತ್ತದೆ.

ಅಕ್ಕಾ, ಮಳೆಯಲ್ಲಿ ಕಲಾವಂತಿಣ್ ಹತ್ತುವ ರೀಲ್ಸ್ ನೋಡಿ ಹುಚ್ಚು ಹಿಡಿದಿದೆ. ಜುಲೈನಲ್ಲಿ ನಾವು ನಾಲ್ಕು ಜನ ಫ್ರೆಂಡ್ಸ್ ಹೋಗಬಹುದಾ? ಮನೆಯಲ್ಲಿ ಹೇಳಿಲ್ಲ. – ವಿದ್ಯಾರ್ಥಿನಿ, ಮಾಟುಂಗಾ

ಬೇಡ ತಂಗಿ. ಜುಲೈನಲ್ಲಂತೂ ಬೇಡವೇ ಬೇಡ. ಪನವೇಲ್ ಹತ್ತಿರದ ಆ ಶಿಖರಕ್ಕೆ ಬಂಡೆಯಲ್ಲೇ ಕಡಿದ ಮೆಟ್ಟಿಲು, ಪಕ್ಕಕ್ಕೆ ಹಿಡಿಯಲು ಏನೂ ಇಲ್ಲ, ಒಂದು ಕಡೆ ಪ್ರಪಾತ. ಮಳೆಯಲ್ಲಿ ಪಾಚಿ ಕಟ್ಟುತ್ತದೆ, ಮಂಜಿನಲ್ಲಿ ಮುಂದಿನ ಮೆಟ್ಟಿಲು ಕಾಣಲ್ಲ. ಹತ್ತೋದು ಹೇಗೋ ಆಗುತ್ತದೆ, ಇಳಿಯುವಾಗ ಕಾಲು ನಡುಗುತ್ತದೆ, ರೀಲ್ಸ್‌ನವರು ಇಳಿಯೋದನ್ನು ತೋರಿಸಲ್ಲ ಅಲ್ವಾ? ನವೆಂಬರ್ ಆದ ಮೇಲೆ, ದಾರಿ ಗೊತ್ತಿರುವವರ ಜೊತೆ, ಮನೆಯಲ್ಲಿ ಹೇಳಿ ಹೋಗು. ಜಲಪಾತಗಳಿಗೂ ಮಳೆಗಾಲದಲ್ಲಿ ಎಷ್ಟೋ ಸಲ ಜಿಲ್ಲಾಧಿಕಾರಿ ಆದೇಶದ ಮೇಲೆ ಪ್ರವೇಶ ಬಂದ್ ಇರುತ್ತದೆ, ಹೊರಡುವ ಮುಂಚೆ ವಿಚಾರಿಸು.

ಮಳೆಯಲ್ಲೇ ನೆನೀಬೇಕಾ? ಬೋರಿವಲಿಯ ಸಂಜಯ್ ಗಾಂಧಿ ಉದ್ಯಾನದೊಳಗಿನ ಕಾನ್ಹೇರಿಗೆ ಹೋಗು. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಎಲ್ಲಾ ಕರಿಬಂಡೆಯಲ್ಲಿ ಕೊರೆದದ್ದು. ಸಾವಿರಾರು ವರ್ಷದ ಹಿಂದೆ ಭಿಕ್ಷುಗಳು ಮಳೆನೀರು ಹಿಡಿಯಲು ಕಡಿದ ಕಾಲುವೆ, ತೊಟ್ಟಿಗಳು ಈಗಲೂ ತುಂಬುತ್ತವೆ. ಅದನ್ನು ನೋಡಬೇಕಾದ್ದು ಮಳೆಯಲ್ಲೇ. ಅಲ್ಲಿ 9ನೇ ಶತಮಾನದ ಶಾಸನಗಳೂ ಇವೆ, ಅದರಲ್ಲಿ ಅಮೋಘವರ್ಷ ನೃಪತುಂಗನ ಹೆಸರಿದೆ. ಭಾಷೆ ಸಂಸ್ಕೃತ, ದೊರೆ ಮಾತ್ರ ನಮ್ಮವನು. ಸೋಮವಾರ ರಜೆ. ಸಂಜೆ ಬೇಗ ಹೊರಗೆ ಬಾ, ಅದು ಚಿರತೆಗಳ ಕಾಡು.

ಅರವತ್ತು ದಾಟಿದ ದಂಪತಿ ನಾವು, ಮಂಡಿ ನೋವು. ನಮಗೂ ಏನಾದರೂ ಇದೆಯೇ? – ಓದುಗರು, ಠಾಣೆ

ವಸಯಿ ಕೋಟೆ. ವಸಯಿ ರೋಡ್ ಸ್ಟೇಷನ್‌ನಿಂದ ಬಸ್ ಅಥವಾ ಆಟೋ. ಎಲ್ಲಾ ಸಮತಟ್ಟು, ಬಳ್ಳಿ ಹಬ್ಬಿದ ಪೋರ್ಚುಗೀಸ್ ಚರ್ಚುಗಳ ಗೋಡೆಗಳು, 1739ರಲ್ಲಿ ಮರಾಠಾ ಸೇನಾಪತಿ ಚಿಮಾಜಿ ಅಪ್ಪಾ ಗೆದ್ದ ಜಾಗ. ಡಿಸೆಂಬರ್ ಬೆಳಿಗ್ಗೆ ಹೋಗಿ, ಟೊಪ್ಪಿ ಇರಲಿ, ನೀರು ಮನೆಯಿಂದಲೇ ಒಯ್ಯಿರಿ.

ಕಳಸೂಬಾಯಿ ಒಂದೇ ದಿನದಲ್ಲಿ ಆಗುತ್ತಾ? ಅಲ್ಲಿ ತಿನ್ನೋಕೆ ಏನು ಸಿಗುತ್ತದೆ? – ಓದುಗರು, ಕಲ್ಯಾಣ್

ಆಗುತ್ತದೆ, ಆದ್ರೆ ನಿಮ್ಮ ದಿನ ರಾತ್ರಿಯಲ್ಲೇ ಶುರುವಾಗಬೇಕು. 1646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿಗಿಂತ ಕಮ್ಮಿಯೇ, ಆದ್ರೆ ಅಲ್ಲಿ ಹೆಚ್ಚುಕಮ್ಮಿ ತಲೆವರೆಗೂ ರಸ್ತೆ, ಇಲ್ಲಿ ಬಾರಿ ಹಳ್ಳಿಯಿಂದ ಪೂರ್ತಿ ನಡಿಗೆ. ಕಡಿದಾದ ಕಡೆಗಳಲ್ಲಿ ಕಬ್ಬಿಣದ ಏಣಿಗಳಿವೆ. ಹತ್ತಲು ಮೂರರಿಂದ ನಾಲ್ಕು ಗಂಟೆ, ಇಳಿಯಲು ಎರಡೂವರೆ ಮೂರು.

ಇಲ್ಲೇ ಹಿಂದಿನಿಂದ ಲೆಕ್ಕ ಹಾಕಬೇಕು. ಕಸಾರಾದಿಂದ ಕಲ್ಯಾಣ್‌ಗೆ ರಾತ್ರಿ ಎಂಟರ ಹೊತ್ತಿಗೆ ರೈಲು ಹಿಡಿಯೋದು ಅಂತ ಇಟ್ಟುಕೊಳ್ಳಿ. ಬಾರಿಯಿಂದ ಕಸಾರಾಗೆ ಜೀಪಿನಲ್ಲಿ ಎರಡು ಗಂಟೆ ಅಂತ ಧಾರಾಳವಾಗಿ ಹಿಡಿಯಿರಿ, ಆರಕ್ಕೆ ಹಳ್ಳಿ ಬಿಡಬೇಕು. ಟೀ, ಮುಖ ತೊಳೆಯೋದು ಅಂತ ಅರ್ಧ ಗಂಟೆ. ಐದೂವರೆಗೆ ಕೆಳಗಿರಬೇಕು ಅಂದ್ರೆ ಎರಡೂವರೆಗೆ ತುದಿ ಬಿಡಬೇಕು. ತುದಿ ಇನ್ನೂ ಅಷ್ಟು ದೂರ ಇದ್ರೂ ಎರಡೂವರೆ ಆಯಿತು ಅಂದ್ರೆ ತಿರುಗಿ ಇಳಿಯೋದೇ, ಮೇಲಿನ ಗುಡಿಯ ದೇವಿ ಬೇಜಾರು ಮಾಡಿಕೊಳ್ಳಲ್ಲ. ಹೋಗುವ ಜೀಪಿನವರ ಹತ್ತಿರವೇ ವಾಪಸ್ಸಿಗೂ ಮಾತಾಡಿ ಇಟ್ಟಿರಿ, ಸಂಜೆ ಅಲ್ಲಿ ನಿಂತು ಹುಡುಕಿದ್ರೆ ರೇಟು ಅವರದ್ದೇ.

ತಿನ್ನೋಕೆ, ದಾರಿಯ ಗುಡಿಸಲಂಗಡಿಗಳಲ್ಲಿ ಲಿಂಬು ಶರಬತ್ತು, ಕಾಂದಾ ಭಜಿ. ಬೆಳಿಗ್ಗೆ ಹತ್ತುವಾಗಲೇ ಹಳ್ಳಿಯಲ್ಲಿ ಯಾವುದಾದರೂ ಮನೆಗೆ ಊಟ ಹೇಳಿ ಹೋಗಿ, ಇಳಿದು ಬಂದಾಗ ಪಿಠ್ಲಾ ಭಾಕರಿ ಬಿಸಿಬಿಸಿ ಸಿಗುತ್ತದೆ. ಪಿಠ್ಲಾ ಅಂದ್ರೆ ಕಡಲೆಹಿಟ್ಟಿನದು, ನಮ್ಮ ಕಡೆಯ ಝುಣಕದ ತಂಗಿ, ಸ್ವಲ್ಪ ತೆಳ್ಳಗೆ. ಹಸಿ ಈರುಳ್ಳಿ ಕೇಳದೇ ಇದ್ರೂ ಕೊಡ್ತಾರೆ. ಊಟಕ್ಕೆ ಕೂರುವ ಅರ್ಧ ಗಂಟೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ, ಅಂದ್ರೆ ತುದಿ ಬಿಡೋದು ಎರಡಕ್ಕೆ.