ಕೊಲ್ಲುವುದು ಕೊಕ್ಕಲ್ಲ, ಕಾಲು

ಮಾನ್ಯರೇ,

ನೀವು ಕಳಿಸಿದ ‘ಬಾನಿನ ಬೇಟೆಗಾರರು’ ಲೇಖನವನ್ನು ಈಗಿರುವಂತೆ ಪ್ರಕಟಿಸಲು ಆಗದು. ಭಾಷೆ ಚೆನ್ನಾಗಿದೆ. ಎಡವಿರುವುದು ವಿಷಯದಲ್ಲಿ.

ಮೊದಲ ಪುಟದಲ್ಲೇ ಗಿಡುಗ ಇಲಿಯನ್ನು ‘ಕೊಕ್ಕಿನಿಂದ ಇರಿದು ಕೊಂದಿತು’ ಎಂದಿದ್ದೀರಿ. ಗಿಡುಗದ ಆಯುಧ ಕಾಲು. ನಮ್ಮ ತೋಟಗಳ ಶಿಕ್ರಾ ಎಂಬ ಪುಟ್ಟ ಗಿಡುಗವನ್ನೇ ನೋಡಿ. ಎಲೆಮರೆಯಲ್ಲಿ ಕೂತಿದ್ದು ಓತಿಕ್ಯಾತದ ಮೇಲೆ ಥಟ್ಟನೆ ಎರಗುತ್ತದೆ. ಹಿಂಬೆರಳಿನ ಉಗುರು ಒಂದು ಕಡೆಯಿಂದ, ಮುಂಬೆರಳುಗಳವು ಎದುರಿನಿಂದ ನಾಟುತ್ತವೆ. ಹಿಡಿತ ಬಿಗಿಯುತ್ತಾ ಹೋದಂತೆ ಜೀವ ಹೋಗುತ್ತದೆ. ಕೊಕ್ಕಿನ ಕೆಲಸ ಆಮೇಲೆ: ಬೇಟೆಯನ್ನು ಕಾಲಡಿ ಒತ್ತಿಹಿಡಿದು, ಮಾಂಸವನ್ನು ಮೇಲಕ್ಕೆ ಜಗ್ಗಿ ಚೂರುಚೂರಾಗಿ ಕೀಳುವುದು. ಬೇಟೆ ಹಕ್ಕಿಯಾದರೆ ಮೊದಲು ಪುಕ್ಕ ತರಿಯುತ್ತದೆ. ಫಾಲ್ಕನ್ ಎಂಬ ಬೇಟೆಹಕ್ಕಿಯ ಜಾತಿಯವು ಮಾತ್ರ ಬೇರೆ. ಅವುಗಳ ಮೇಲ್ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಮೊನೆಯಿದೆ, ಅದರಿಂದ ಕತ್ತು ಮುರಿಯುತ್ತವೆ. ಈ ವ್ಯತ್ಯಾಸ ನಿಮ್ಮ ಲೇಖನದಲ್ಲಿ ಬರಲೇಬೇಕು.

‘ಗೂಬೆ ಮಾತ್ರ ಉಂಡೆ ಉಗುಳುತ್ತದೆ’ ಎಂಬುದೂ ತಪ್ಪು. ಗಿಡುಗವೂ ಜೀರ್ಣವಾಗದ ಕೂದಲು, ಪುಕ್ಕಗಳ ಉಂಡೆಯನ್ನು ಬಾಯಿಂದ ಹೊರಹಾಕುತ್ತದೆ. ಅದರ ಜಠರದ ಆಮ್ಲ ತೀಕ್ಷ್ಣವಾದ್ದರಿಂದ ಮೂಳೆ ಬಹುಪಾಲು ಕರಗಿಹೋಗುತ್ತದೆ. ಗೂಬೆಯ ಆಮ್ಲ ಅಷ್ಟು ಖಾರವಲ್ಲ. ಇಲಿಯನ್ನು ಇಡಿಯಾಗಿ ನುಂಗುವುದರಿಂದ ತಲೆಬುರುಡೆಯೂ ಉಂಡೆಯಲ್ಲಿ ಉಳಿಯುತ್ತದೆ. ಹಳೆಯ ಕಟ್ಟಡದಲ್ಲಿ ಕಣಜಗೂಬೆ ಕೂರುವ ಜಾಗದ ಕೆಳಗೆ ಹುಡುಕಿ. ಕೈಗವಸು ಹಾಕಿ ಒಂದು ಉಂಡೆ ಎತ್ತಿಕೊಂಡು, ಬೆಚ್ಚನೆ ನೀರಿನಲ್ಲಿ ನೆನೆಸಿ, ಚಿಮಟದಿಂದ ಬಿಡಿಸಿ. ಬುರುಡೆಗಳನ್ನು ಎಣಿಸಿದರೆ ಎಷ್ಟು ಇಲಿ ತಿಂದಿತ್ತೆಂದು ತಿಳಿಯುತ್ತದೆ. ‘ಗೂಬೆ ರೈತನ ಮಿತ್ರ’ ಎಂದು ನೀವು ಮೂರು ಸಲ ಬರೆದದ್ದಕ್ಕಿಂತ ಆ ಎಣಿಕೆ ಹೆಚ್ಚು ಹೇಳುತ್ತದೆ.

ರಣಹದ್ದನ್ನು ಬೇಟೆಗಾರರ ಪಟ್ಟಿಯಿಂದ ತೆಗೆಯಿರಿ. ಅದರ ಪಾದಕ್ಕೆ ಬಿಗಿಹಿಡಿಯುವ ಶಕ್ತಿಯಿಲ್ಲ, ತಿನ್ನುವುದು ಸತ್ತ ಪ್ರಾಣಿಗಳನ್ನು. ಅದು ವಿರಳವಾಗಲು ‘ಆಹಾರದ ಕೊರತೆ’ ಕಾರಣವೆಂದಿದ್ದೀರಿ. ಮುಖ್ಯ ಕಾರಣ ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೋಫೆನಾಕ್. ಔಷಧಿ ಉಳಿದ ಹೆಣವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತಿತ್ತು. ಭಾರತದಲ್ಲಿ ಜಾನುವಾರುಗಳಿಗೆ ಇದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದರ ಹಿನ್ನೆಲೆ ಓದುಗರಿಗೆ ಆಗ ಅರ್ಥವಾಗುತ್ತದೆ.

ಹೆಸರುಗಳನ್ನೂ ಸರಿಪಡಿಸಿ. ಒಂದೇ ಹಕ್ಕಿ ಒಂದು ಕಡೆ ಹದ್ದು, ಇನ್ನೊಂದು ಕಡೆ ಗರುಡ ಆಗಿದೆ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆಗೆಂಪು ಮೈಯದು ಗರುಡ. ಊರ ಮೇಲೆ ಸುತ್ತುವ, ಬಾಲದ ತುದಿ ಕವಲಾದ ಕಂದು ಹಕ್ಕಿ ಹದ್ದು.

ಗೂಡಿನೊಳಗಿನ ಮರಿಗಳ ಎರಡು ಚಿತ್ರಗಳನ್ನು ನಾವು ಬಳಸುವುದಿಲ್ಲ. ಅಷ್ಟು ಹತ್ತಿರ ಹೋದರೆ ತಾಯಿಹಕ್ಕಿ ಗೂಡು ಬಿಟ್ಟೇಳುತ್ತದೆ, ಮರಿಗಳು ಬಿಸಿಲಿಗೂ ಕಾಗೆಗೂ ಸಿಕ್ಕಿಬೀಳುತ್ತವೆ. ದೂರದಿಂದ ತೆಗೆದ ಚಿತ್ರವಿದ್ದರೆ ತಿದ್ದಿದ ಪ್ರತಿಯ ಜೊತೆ ಕಳಿಸಿ.

— ಸಂಪಾದಕರು